ಅಮ್ಮನ ಹಾಡು ಎಂಪಿ3 ಆಗುತ್ತಿಲ್ಲ

ಹನುಮಂತನಗರದ ಸೋದರಿಗೆ,

ರಾಮಾಂಜನೇಯ ಗುಡ್ಡದ ಗುಡಿಯಲ್ಲಿ ಅಮ್ಮ ಹಾಡಿದ ದೇವರನಾಮಗಳ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಂಡಿದ್ದೀರಲ್ಲ, ಅದೇ ದೊಡ್ಡ ಕೆಲಸ. ಹಾಡು ಎಲ್ಲೂ ಹೋಗಿಲ್ಲ, ಗಾಬರಿ ಬೇಡ. ದನಿ ತಿದ್ದುವ ನಿಮ್ಮ ಹಳೆಯ ಅಡಾಸಿಟಿ ತಂತ್ರಾಂಶದಲ್ಲಿ ‘ಸೇವ್’ ಒತ್ತಿದರೆ ಸಿಗುವುದು ಎಯುಪಿ ಫೈಲು. ಅದರಲ್ಲಿ ದನಿ ಇರುವುದಿಲ್ಲ. ದನಿಯೆಲ್ಲ ಪಕ್ಕದಲ್ಲೇ, ಹೆಸರಿನ ಕೊನೆಗೆ ‘ಡೇಟಾ’ ಎಂದಿರುವ ಫೋಲ್ಡರಿನಲ್ಲಿ ಚೂರುಚೂರಾಗಿರುತ್ತದೆ. ಅದನ್ನು ಅಳಿಸಬೇಡಿ, ಹೆಸರನ್ನೂ ಬದಲಿಸಬೇಡಿ.

ಎಂಪಿ3 ಮಾಡಲು ‘ಲೇಮ್’ ಎಂಬ ಪರಿವರ್ತಕ ಬೇಕೆಂದು ಅಡಾಸಿಟಿ ಕೇಳುವುದು ಪೇಟೆಂಟ್ ಕಾಲದ ಕಟ್ಟುಪಾಡಿನಿಂದ. ಅಮೆರಿಕದ ಪೇಟೆಂಟುಗಳು 2017ರಲ್ಲಿ ಮುಗಿದವು, 2019ರ ಅಡಾಸಿಟಿ 2.3.2 ಆವೃತ್ತಿಯಿಂದ ಲೇಮ್ ಜೊತೆಗೇ ಬರುತ್ತದೆ. ಆದರೂ ಮೊದಲು ಎಕ್ಸ್‌ಪೋರ್ಟ್‌ನಲ್ಲಿ 16 ಬಿಟ್ ವೇವ್ ಆರಿಸಿ. ಅದಕ್ಕೆ ಲೇಮ್ ಬೇಡ. ಸ್ಟೀರಿಯೋದಲ್ಲಿ ಗಂಟೆಗೆ ಸುಮಾರು 600 ಎಂಬಿ ಆದೀತು, ಆಗಲಿ. ಅಮ್ಮನ ಕಂಠಕ್ಕಿಂತ ಜಾಗ ಹೆಚ್ಚಲ್ಲ. ನೆಂಟರ ವಾಟ್ಸಾಪಿಗೆ ಆಮೇಲೆ ಎಂಪಿ3 ಮಾಡಿದರೆ ಸಾಕು.