ಶಸ್ತ್ರಕ್ರಿಯೆಯ ಹೆರಿಗೆಯ ತರುವಾಯ ನಡಿಗೆ

ಹೊಟ್ಟೆ ಕೊಯ್ದು ಹೆರಿಗೆಯಾದ ಬಾಣಂತಿಯು ಅಲುಗಾಡದೆ ಮಲಗಿರಬೇಕೆಂಬ ನಂಬಿಕೆ ಇನ್ನೂ ಅನೇಕ ಮನೆಗಳಲ್ಲಿ ಉಂಟು. ಇದು ಹಿರಿಯರ ಅಕ್ಕರೆಯಿಂದ ಬಂದುದಾದರೂ ಅಪಾಯಕರ. ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತವು ಹೆಪ್ಪುಗಟ್ಟಬಹುದು. ಆ ಹೆಪ್ಪು ಶ್ವಾಸಕೋಶಕ್ಕೆ ಸರಿದರೆ ಪ್ರಾಣಕ್ಕೇ ಸಂಚಕಾರ. ಆದುದರಿಂದ ವೈದ್ಯರ ಅನುಮತಿ ಪಡೆದು, 24 ಗಂಟೆಗಳೊಳಗೆ ಎದ್ದು ಕುಳಿತು, ಆಸರೆ ಹಿಡಿದು ನಾಲ್ಕು ಹೆಜ್ಜೆ ನಡೆಯಬೇಕು. ಏಳುವಾಗ ಮೊದಲು ಮಗ್ಗುಲಿಗೆ ಹೊರಳಿ ಕೈಯೂರಿ ಏಳಬೇಕು. ಮಲಗಿರುವಾಗಲೂ ಪಾದಗಳನ್ನು ಆಗಾಗ ಆಡಿಸುತ್ತಿರಬೇಕು. ಕೆಮ್ಮು ಬಂದಾಗ ಗಾಯದ ಮೇಲೆ ದಿಂಬನ್ನು ಮೃದುವಾಗಿ ಒತ್ತಿ ಹಿಡಿದರೆ ನೋವು ತಗ್ಗುವುದು.

ನಡೆಯುವುದೆಂದರೆ ದುಡಿಯುವುದಲ್ಲ. ಆರು ವಾರಗಳವರೆಗೆ ಕೂಸಿಗಿಂತ ಭಾರವಾದುದನ್ನು ಆಕೆ ಎತ್ತಬಾರದು. ನೀರಿನ ಕೊಡ ಪತಿಯ ಪಾಲಿಗಿರಲಿ. ಒಂದು ಕಾಲು ಊದಿ ನೋಯುತ್ತಿದ್ದರೆ ಅಂದೇ ವೈದ್ಯರಿಗೆ ತೋರಿಸಿರಿ. ಏದುಸಿರು ಅಥವಾ ಎದೆನೋವು ಬಂದರೆ ಕೂಡಲೇ 108ಕ್ಕೆ ಕರೆಮಾಡಿರಿ.