ಪೆಟ್ಟು ತಿಂದ ಹಲ್ಲು

ಮಕ್ಕಳೆಂದ ಮೇಲೆ ಆಡುತ್ತಾರೆ, ಓಡುತ್ತಾರೆ, ಬೀಳುತ್ತಾರೆ. ತರಚಿದ ಮೊಣಕಾಲಿಗೆ ಹೊಸ ಚರ್ಮ ಬರುತ್ತದೆ. ಆದರೆ ಕಳಚಿ ಬಿದ್ದ ಶಾಶ್ವತ ದಂತದ ಸ್ಥಾನದಲ್ಲಿ ಮತ್ತೊಂದು ಹುಟ್ಟುವುದಿಲ್ಲ. ಕಬಡ್ಡಿಯ ಅಂಗಳದಲ್ಲಾಗಲಿ, ಸೈಕಲ್ಲಿನಿಂದ ಬಿದ್ದಾಗಲಾಗಲಿ, ಹೆಚ್ಚಾಗಿ ಪೆಟ್ಟು ತಗಲುವುದು ಮೇಲ್ದವಡೆಯ ಮುಂದಿನ ಹಲ್ಲುಗಳಿಗೆ. ಆ ಗಳಿಗೆಯಲ್ಲಿ ಬಳಿಯಲ್ಲಿರುವವರು ವೈದ್ಯರಲ್ಲ. ಉಪಾಧ್ಯಾಯರು, ಓರಗೆಯವರು, ನಾವು. ಆದುದರಿಂದ ಈ ವಿಷಯವನ್ನು ಎಲ್ಲರೂ ಅರಿತಿರುವುದು ಲೇಸು.

ಮೊದಲು ನೋಡಬೇಕಾದುದು ಹಲ್ಲನ್ನಲ್ಲ, ಮಗುವನ್ನು. ಪ್ರಜ್ಞೆ ತಪ್ಪಿದರೆ, ವಾಂತಿಯಾದರೆ, ಉಸಿರಾಟಕ್ಕೆ ತೊಡಕಾದರೆ, ಮೇಲಿನ ಕೆಳಗಿನ ಹಲ್ಲುಗಳು ಮೊದಲಿನಂತೆ ಕೂಡದಿದ್ದರೆ ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು. ತುಟಿ ಸೀಳಿ ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು ೧೦ ನಿಮಿಷ ಒತ್ತಿ ಹಿಡಿಯಬೇಕು. ಗಾಯಕ್ಕೆ ಕಾಫಿಪುಡಿ ಮೆತ್ತುವುದು ತರವಲ್ಲ.

ಇನ್ನು ಹಲ್ಲಿನ ವಿಚಾರ. ಬಿದ್ದುದು ಹಾಲುಹಲ್ಲಾದರೆ ಅದನ್ನು ಮತ್ತೆ ಕೂರಿಸಬಾರದು. ಒಳಗೆ ಬೆಳೆಯುತ್ತಿರುವ ಶಾಶ್ವತ ದಂತಕ್ಕೆ ಘಾಸಿಯಾದೀತು. ಸುಮಾರು ೬-೭ನೆಯ ವಯಸ್ಸಿನಿಂದ ಮೂಡುವ ಶಾಶ್ವತ ಹಲ್ಲಿನ ಮಾತೇ ಬೇರೆ. ಅದರ ಬೇರನ್ನು ದವಡೆಯ ಮೂಳೆಗೆ ಬಂಧಿಸುವುದು ತಂತುಗಳ ಒಂದು ತೆಳುವಾದ ಪೊರೆ. ಗಾಳಿಯಲ್ಲಿ ಒಣಗಿದರೆ ಆ ಪೊರೆಯ ಜೀವಕೋಶಗಳು ಬೇಗನೆ ಸಾಯುತ್ತವೆ. ೧ ಗಂಟೆ ಕಳೆದರೆ ಅವು ಉಳಿಯುವ ಆಸೆ ಇಲ್ಲವೆನ್ನಬಹುದು.

ಆದಕಾರಣ ಹಲ್ಲನ್ನು ಹುಡುಕಿ, ಹೊಳೆಯುವ ಮೇಲ್ಭಾಗವನ್ನೇ ಹಿಡಿದೆತ್ತಬೇಕು. ಬೇರನ್ನು ಮುಟ್ಟಬಾರದು, ಉಜ್ಜಬಾರದು. ಮಣ್ಣಾಗಿದ್ದರೆ ಹಾಲಿನಲ್ಲೋ ತಣ್ಣೀರಿನಲ್ಲೋ ಕ್ಷಣಕಾಲ ಅದ್ದಿ, ಬಂದ ಗುಳಿಯಲ್ಲಿಯೇ ಮೆಲ್ಲನೆ ಕೂರಿಸಿ, ಮಡಿಸಿದ ಬಟ್ಟೆಯನ್ನು ಕಚ್ಚಿಸಿ, ದಂತವೈದ್ಯರಲ್ಲಿಗೆ ಕರೆದೊಯ್ಯಬೇಕು. ಕೂರಿಸುವ ಧೈರ್ಯ ಸಾಲದಿದ್ದರೆ ಒಂದು ಲೋಟ ತಣ್ಣನೆಯ ಹಾಲಿನಲ್ಲಿ ಮುಳುಗಿಸಿ ಒಯ್ಯಬಹುದು. ನೀರೇಕೆ ಸಾಲದು? ಬರಿಯ ನೀರಿನಲ್ಲಿ ಆ ಕೋಶಗಳು ಉಬ್ಬಿ ಒಡೆಯುತ್ತವೆ. ಹಾಲು ಅವುಗಳಿಗೆ ಒಗ್ಗುತ್ತದೆ. ವೈದ್ಯರು ತೆಳುವಾದ ತಂತಿಯಿಂದ ಹಲ್ಲನ್ನು ಅಕ್ಕಪಕ್ಕದವಕ್ಕೆ ಸೇರಿಸಿ ಸುಮಾರು ೨ ವಾರ ಬಿಡುತ್ತಾರೆ. ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂಬುದನ್ನೂ ನೋಡುತ್ತಾರೆ. ಹಲ್ಲು ಮುರಿದಿದ್ದರೆ ಚೂರನ್ನೂ ಎಸೆಯಬಾರದು. ಅದನ್ನು ಮತ್ತೆ ಅಂಟಿಸಲು ಸಾಧ್ಯವಾಗುವುದುಂಟು.

ಬಿದ್ದ ಹಲ್ಲನ್ನು ಸಗಣಿಯುಂಡೆಯಲ್ಲಿಟ್ಟು ಮಾಡಿನ ಮೇಲೆಸೆಯುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ತಾನಾಗಿ ಉದುರಿದ ಹಾಲುಹಲ್ಲಿಗೆ ಅದು ಸಲ್ಲಲಿ, ಅಡ್ಡಿಯಿಲ್ಲ. ಆದರೆ ಪೆಟ್ಟಿನಿಂದ ಬಿದ್ದ ಶಾಶ್ವತ ದಂತವೂ ಅದೇ ದಾರಿ ಹಿಡಿದರೆ, ಉಳಿಸಬಹುದಾಗಿದ್ದುದನ್ನು ನಾವೇ ಕಳೆದಂತೆ. ಓದುಬರಹ ಕಾಣದ ನಮ್ಮ ತಂದೆತಾಯಿಗಳಿಗೆ ಈ ಭೇದವನ್ನು ತಿಳಿಸುವವರು ಯಾರು? ಅವರ ಬೆವರಿನಿಂದ ಕಾಲೇಜಿನ ಮೆಟ್ಟಿಲು ಹತ್ತಿದ ನಾವಲ್ಲವೇ? ಈ ರಜೆಯಲ್ಲಿ ಊರಿಗೆ ಹೋದಾಗ ಇಷ್ಟನ್ನು ಮನೆಯವರಿಗೆ ಹೇಳಿದರೆ ಕಲಿತದ್ದು ಸಾರ್ಥಕ.