ಒಂದೇ ಒಲೆಯ ಊಟ ಮತ್ತು ದೊಡ್ಡ ಕರುಳಿನ ಕ್ಯಾನ್ಸರ್



ಹಸುವಿನ ಇಳುವರಿ ತಳಿಯನ್ನೂ ಮೇವನ್ನೂ ಅವಲಂಬಿಸಿದೆ ಎಂಬುದು ತಮಗೆ ತಿಳಿದ ವಿಷಯ. ಒಂದೇ ಗೋದಲಿಯಲ್ಲಿ ತಿನ್ನುವ ಹಸುಗಳಲ್ಲಿ ಒಂದು ಸೊರಗಿದರೆ, ಅದರ ತಾಯಿ ಯಾವುದೆಂದು ಕೇಳುವ ಮೊದಲು ಗೋದಲಿಯಲ್ಲಿ ಏನಿದೆ ಎಂದು ನೋಡುತ್ತೇವೆ. ಮನುಷ್ಯರ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರಿನಲ್ಲೂ ಈ ಎರಡೂ ಕಡೆ ನೋಡಬೇಕು.

ತಂದೆ, ತಾಯಿ, ಒಡಹುಟ್ಟಿದವರು ಇವರಲ್ಲಿ ಒಬ್ಬರಿಗೆ ಈ ರೋಗ ಬಂದಿದ್ದರೆ ಉಳಿದವರಿಗೆ ಬರುವ ಸಂಭವ ಸುಮಾರು ಎರಡು ಪಟ್ಟು. ಇದು ತಳಿಯ ಮಾತು. ಗಂಡ ಹೆಂಡಿರಿಗೆ ರಕ್ತ ಸಂಬಂಧವಿಲ್ಲ (ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದವರ ವಿಷಯ ಬೇರೆ). ಆದರೂ ಅವರು ಉಣ್ಣುವುದು ಒಂದೇ ಒಲೆಯ ಅಡುಗೆಯನ್ನು. ಜಪಾನಿನಿಂದ ಹವಾಯಿ ದ್ವೀಪಗಳಿಗೆ ವಲಸೆ ಹೋದವರಲ್ಲಿ ಈ ಕ್ಯಾನ್ಸರ್ ಸ್ವದೇಶದಲ್ಲಿ ಉಳಿದವರಿಗಿಂತ ಹೆಚ್ಚಾಯಿತು. ಅವರ ರಕ್ತ ಬದಲಾಗಿರಲಿಲ್ಲ, ಊಟ ಮತ್ತು ಜೀವನಕ್ರಮ ಬದಲಾಗಿದ್ದವು.

ನಮ್ಮ ಮನೆಗಳಲ್ಲಿ ಗಮನಿಸಬೇಕಾದದ್ದು ಮದ್ಯ, ಬೀಡಿ, ಬೊಜ್ಜು, ಮೈ ಬಗ್ಗಿಸದ ದುಡಿಮೆ, ನಾರಿಲ್ಲದ ಊಟ. ರಾಗಿ, ಜೋಳ, ಕಾಳು, ಸೊಪ್ಪು ಹಿಂದೆ ಸರಿದು ಪಾಲಿಶ್ ಅಕ್ಕಿ, ಬೇಕರಿ ತಿಂಡಿ ಮುಂದೆ ಬಂದದ್ದು ಇಡೀ ಮನೆಗೆ ಸಂಬಂಧಿಸಿದ ಬದಲಾವಣೆ. ಡಬ್ಬಿಯಲ್ಲಿ ಬರುವ, ಉಪ್ಪು ಹಾಕಿ ಸಂಸ್ಕರಿಸಿದ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವು 2015ರಲ್ಲೇ ಈ ರೋಗದ ಕಾರಣಗಳ ಪಟ್ಟಿಗೆ ಸೇರಿಸಿದೆ.

ಇನ್ನು ಹಾಲಿನ ಮಾತು. ಬ್ರಿಟನ್ನಿನ 5 ಲಕ್ಷ 42 ಸಾವಿರ ಮಹಿಳೆಯರ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 300 ಮಿಲಿಗ್ರಾಂ ಹೆಚ್ಚು ಕ್ಯಾಲ್ಸಿಯಂ, ಅಂದರೆ ಒಂದು ದೊಡ್ಡ ಲೋಟ ಹಾಲಿನಲ್ಲಿರುವಷ್ಟು, ಸೇವಿಸುವವರಲ್ಲಿ ಈ ಕ್ಯಾನ್ಸರ್ ಶೇ. 17ರಷ್ಟು ಕಡಿಮೆ ಕಂಡುಬಂದಿದೆ. ಕ್ಯಾಲ್ಸಿಯಂ ಕರುಳಿನಲ್ಲಿ ಪಿತ್ತರಸದ ಆಮ್ಲಗಳನ್ನು ಹಿಡಿದಿಡುವುದು ಇದಕ್ಕೆ ಒಂದು ಕಾರಣವಿರಬಹುದು. ಹಾಲು ಔಷಧವಲ್ಲ, ಕುಡಿದವರಿಗೆ ರೋಗ ಬರುವುದೇ ಇಲ್ಲವೆಂದೂ ಅಲ್ಲ. ಆದರೆ ಕರೆದದ್ದನ್ನೆಲ್ಲ ಸಂಘಕ್ಕೆ ಹಾಕಿ ಮನೆಯವರು ಹಾಲಿಲ್ಲದ ಚಹಾ ಕುಡಿಯುವುದು ಎಷ್ಟು ಸರಿ? ಮನೆಮಂದಿಗೆಲ್ಲ ತಲೆಗೊಂದು ಲೋಟ ತೆಗೆದಿಟ್ಟು ಉಳಿದದ್ದನ್ನು ಹಾಕಿರಿ. ಮಜ್ಜಿಗೆ, ಮೊಸರಾದರೂ ಆದೀತು.

ಮಲದಲ್ಲಿ ರಕ್ತ, ವಾರಗಟ್ಟಲೆ ಭೇದಿ ಅಥವಾ ಮಲಬದ್ಧತೆ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ ಇವು ಲಕ್ಷಣಗಳು. ರಕ್ತ ಕಂಡರೆ ಮೂಲವ್ಯಾಧಿ ಎಂದು ನಾಟಿ ಔಷಧಿಯಲ್ಲಿ ತಿಂಗಳು ಕಳೆಯುವವರೇ ಹೆಚ್ಚು. ಹೆಣ್ಣುಮಕ್ಕಳಂತೂ ನಾಚಿಕೆಯಿಂದ ಗಂಡನಿಗೂ ಹೇಳುವುದಿಲ್ಲ. ಕರುಳಿನ ಒಳಪದರದಲ್ಲಿ ಹುಟ್ಟುವ ಸಣ್ಣ ಗಂಟು ಕ್ಯಾನ್ಸರಾಗಲು ಸಾಮಾನ್ಯವಾಗಿ ಹತ್ತು ವರ್ಷ ಹಿಡಿಯುತ್ತದೆ. ಅಷ್ಟರೊಳಗೆ ಕಂಡರೆ ನಳಿಕೆ ಹಾಕಿ ನೋಡುವಾಗಲೇ ತೆಗೆದುಬಿಡಬಹುದು.

ಇದು ಅಂಟುರೋಗವಲ್ಲ. ರೋಗಿಯ ತಟ್ಟೆ ಲೋಟ ಬೇರೆ ಇಡುವುದು ಬೇಡ. ಅವರ ಮಕ್ಕಳು, ಒಡಹುಟ್ಟಿದವರು 40 ವರ್ಷಕ್ಕೆ, ಇಲ್ಲವೆ ರೋಗಿಗೆ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮುಂಚೆಯೋ ಆಗ ವೈದ್ಯರಲ್ಲಿ ಪರೀಕ್ಷೆ ಮಾಡಿಸಬೇಕು. ತಂದೆಗೆ 45ರಲ್ಲಿ ಕಂಡಿದ್ದರೆ ಮಕ್ಕಳಿಗೆ 35ಕ್ಕೇ.